ಡಲಿಚ್ ಬಯಲಿನಲ್ಲಿ ಹೆಣ್ಣುಮಕ್ಕಳ ಕಾಲ್ಚೆಂಡಾಟ

ಹಳಗನ್ನಡ ಕಾವ್ಯ, ಶಾಸನ, ವ್ಯಾಕರಣಗಳ ನಡುವೆಯೇ ಬಾಳಿನ ಬಹುಭಾಗವನ್ನು ಕಳೆದ ನನ್ನಂಥವನು ಕಾಲ್ಚೆಂಡಾಟದ ಬಗೆಗೆ ಬರೆಯಹೊರಟಿರುವುದನ್ನು ಕಂಡು ಈ ಪತ್ರಿಕೆಯ ಹಳೆಯ ಓದುಗರು ಸೋಜಿಗಪಟ್ಟರೆ ತಪ್ಪಿಲ್ಲ. ಮಠದ ಪಾಠಶಾಲೆಯಲ್ಲಿ ಬೆಳಗಿನ ಜಾವ ಎದ್ದು ಅಮರಕೋಶವನ್ನು ಬಾಯಿಪಾಠ ಮಾಡುತ್ತಿದ್ದ ನಮಗೆ ಆಟವೆಂದರೆ ಸಂಜೆಯ ಒಂದು ಗಂಟೆಯ ಹುತುತು, ಇಲ್ಲವೆ ಚಿಣಿದಾಂಡು. ಕಾಲ್ಚೆಂಡನ್ನು ನಾನು ಕಾಲಿನಿಂದ ಮುಟ್ಟಿದವನೂ ಅಲ್ಲ, ಕಣ್ಣಿಟ್ಟು ನೋಡಿದವನೂ ಅಲ್ಲ. ಹೀಗಿರುವಾಗ ಕಳೆದ ಅಕ್ಟೋಬರ್ ತಿಂಗಳ ಒಂದು ಭಾನುವಾರ, ಲಂಡನ್ ನಗರದ ದಕ್ಷಿಣ ಭಾಗದ ಚಿಕ್ಕ ಕ್ರೀಡಾಂಗಣವೊಂದರಲ್ಲಿ ಕುಳಿತು ಹೆಣ್ಣುಮಕ್ಕಳ ಪಂದ್ಯವೊಂದನ್ನು ಆದಿಯಿಂದ ಅಂತ್ಯದವರೆಗೆ ನೋಡಿದೆ. ಅಲ್ಲಿ ಕಂಡುದನ್ನೂ, ಕಂಡ ಮೇಲೆ ನೆನಪಿಗೆ ಬಂದ ನನ್ನದೇ ಒಂದು ತಪ್ಪನ್ನೂ ಓದುಗರ ಮುಂದೆ ನಿವೇದಿಸುವುದು ಈ ಲೇಖನದ ಉದ್ದೇಶ.

ನನ್ನ ಮಗಳು ಮತ್ತು ಅಳಿಯ ಹಲವು ವರ್ಷಗಳಿಂದ ಲಂಡನ್ನಿನಲ್ಲಿ ನೆಲೆಸಿದ್ದಾರೆ. ಮಗಳು ಆಸ್ಪತ್ರೆಯೊಂದರಲ್ಲಿ ಫಿಸಿಯೊಥೆರಪಿಸ್ಟ್. ಮುರಿದ, ಉಳುಕಿದ, ಹರಿದ ಕೈಕಾಲುಗಳನ್ನು ವ್ಯಾಯಾಮದಿಂದ ಸರಿಪಡಿಸುವುದು ಅವಳ ಕಾಯಕ. ಅವರ ಮನೆಯಲ್ಲಿ ಎರಡು ತಿಂಗಳು ಇದ್ದೆ. ಬ್ರಿಟಿಷ್ ಗ್ರಂಥಾಲಯ, ವಸ್ತುಸಂಗ್ರಹಾಲಯ, ಹಳೆಯ ದೇವಾಲಯಗಳು, ಸೇತುವೆಗಳು ಎಲ್ಲವನ್ನೂ ನೋಡಿದ್ದಾಯಿತು. ಎಲ್ಲ ಕಡೆಗೂ ಹನ್ನೊಂದು ವರ್ಷದ ಮೊಮ್ಮಗಳು ಬೇಸರಿಸದೆ ನನ್ನ ಕೈ ಹಿಡಿದು ಬಂದಿದ್ದಳು. ಒಂದು ರಾತ್ರಿ ಊಟದ ಹೊತ್ತಿನಲ್ಲಿ ಅವಳು, "ಅಜ್ಜಾ, ನೀವು ನೋಡಬೇಕು ಅಂದದ್ದನ್ನೆಲ್ಲ ನಾನು ಬಂದು ನೋಡಿದೆ. ಈ ಭಾನುವಾರ ನಾನು ನೋಡಬೇಕು ಅನ್ನೋದನ್ನ ನೀವು ಬಂದು ನೋಡಬೇಕು" ಎಂದಳು. ನ್ಯಾಯವಾದ ಮಾತು. ಒಪ್ಪಿದೆ.

ಲಂಡನ್ ಬ್ರಿಜ್ ನಿಲ್ದಾಣದಿಂದ ರೈಲು ಹತ್ತಿ ಕಾಲು ಗಂಟೆಯೊಳಗೆ ಈಸ್ಟ್ ಡಲಿಚ್ ಎಂಬಲ್ಲಿ ಇಳಿದೆವು. ಊರಿನ ಹೆಸರನ್ನು ಬರೆಯುವುದು ಡಲ್‌ವಿಚ್ ಎಂದು. ಓದುವುದು ಡಲಿಚ್ ಎಂದು. ಹೆಸರಿನ ಮೂಲವನ್ನು ಕೆದಕದೆ ಬಿಟ್ಟರೆ ನನ್ನ ವಿದ್ಯೆಗೆ ಅವಮಾನವಲ್ಲವೆ? ಸಬ್ಬಸಿಗೆ ಬೆಳೆಯುತ್ತಿದ್ದ ಜೌಗು ಹುಲ್ಲುಗಾವಲು ಎಂಬುದೇ ಈ ಹೆಸರಿನ ಅರ್ಥವಂತೆ. 967ರಷ್ಟು ಹಿಂದಿನ ದಾನಪತ್ರದಲ್ಲಿಯೇ ಈ ಹೆಸರು ಕಾಣಿಸುತ್ತದೆ. ನಮ್ಮ ಅಡಿಗೆಮನೆಯ ಸಬ್ಬಸಿಗೆ ಸೊಪ್ಪು ಅಷ್ಟು ದೂರದ ನಾಡಿನಲ್ಲಿ ಒಂದು ಊರಿಗೆ ಹೆಸರಾಗಿ ಕುಳಿತಿರುವುದನ್ನು ತಿಳಿದು ಪರದೇಶವೂ ಒಂದು ಗಳಿಗೆ ನಮ್ಮ ಹಿತ್ತಿಲಿನಂತೆ ತೋರಿತು. ನಿಲ್ದಾಣದ ಬಳಿ ಏರುವ ರಸ್ತೆಗೆ 'ನಾಯಿಗೂಡಿನ ದಿಬ್ಬ' ಎಂಬ ಅರ್ಥದ ಹೆಸರಿದೆ. ಆ ದಿಬ್ಬದ ಪಕ್ಕದಲ್ಲಿ, ಒಂದು ದೊಡ್ಡ ದಿನಸಿ ಮಳಿಗೆಗೆ ತಾಗಿಕೊಂಡು ಇರುವುದೇ ಚಾಂಪಿಯನ್ ಹಿಲ್ ಕ್ರೀಡಾಂಗಣ. ಅಲ್ಲಿ ಆಡುವ ಕ್ಲಬ್ಬಿನ ಹೆಸರು ಡಲಿಚ್ ಹ್ಯಾಮ್ಲೆಟ್. ಷೇಕ್ಸ್‌ಪಿಯರನ ರಾಜಕುಮಾರನಿಗೂ ಇದಕ್ಕೂ ಸಂಬಂಧವಿಲ್ಲ. ಹ್ಯಾಮ್ಲೆಟ್ ಎಂದರೆ ಪುಟ್ಟ ಹಳ್ಳಿ.

1893ರಲ್ಲಿ ಹುಟ್ಟಿದ ಈ ಕ್ಲಬ್ಬು ಒಂದು ಕಾಲದಲ್ಲಿ ಹವ್ಯಾಸಿ ಆಟಗಾರರ ರಾಷ್ಟ್ರೀಯ ಕಪ್ಪನ್ನು ನಾಲ್ಕು ಸಲ ಗೆದ್ದದ್ದು. ಗುಲಾಬಿ ಮತ್ತು ಕಡುನೀಲಿ ಇದರ ಬಣ್ಣಗಳು. ಗಡಸು ಗಂಡಸರು ನೂರು ವರ್ಷಕ್ಕೂ ಮೇಲ್ಪಟ್ಟು ಗುಲಾಬಿ ಬಣ್ಣದ ಅಂಗಿ ತೊಟ್ಟು ಆಡುತ್ತ ಬಂದಿದ್ದಾರೆ ಎಂಬುದನ್ನು ಕೇಳಿ, ಬಣ್ಣಕ್ಕೆ ಹೆಣ್ಣುಗಂಡೆಂಬ ಭೇದ ಹಚ್ಚುವವರು ನಾವೇ ಎನಿಸಿತು. 2018ರಲ್ಲಿ ಜಾಗದ ಒಡೆಯರೊಡನೆ ವಿವಾದವೆದ್ದು ಕ್ಲಬ್ಬು ತನ್ನ ಅಂಗಳದಿಂದಲೇ ಹೊರಗೆ ನಿಲ್ಲಬೇಕಾಯಿತು. ಅಭಿಮಾನಿಗಳ ಹೋರಾಟದ ಬಳಿಕ ಆ ವರ್ಷದ ಕೊನೆಗೆ ಮರಳಿ ಒಳಗೆ ಬಂದಿತು. ಮರುವರ್ಷ, 2019ರಲ್ಲಿ, ಬೇರೊಂದು ಹೆಸರಿನಲ್ಲಿ ಆಡುತ್ತಿದ್ದ ಮಹಿಳಾ ತಂಡವನ್ನು ತನ್ನದಾಗಿ ಸೇರಿಸಿಕೊಂಡಿತು. ಬಾಗಿಲಾಚೆ ನಿಂತ ಕಷ್ಟವನ್ನು ಉಂಡವರು ಇನ್ನೊಬ್ಬರಿಗೆ ಬಾಗಿಲು ತೆರೆದುದು ನನಗೆ ಹಿಡಿಸಿತು.

ಪಂದ್ಯ ಎರಡು ಗಂಟೆಗೆ. ನಾವು ಮುಕ್ಕಾಲು ಗಂಟೆ ಮೊದಲೇ ಮುಟ್ಟಿದ್ದೆವು. ಒಂದು ಪಾರ್ಶ್ವದಲ್ಲಿ ಮೇಲ್ಛಾವಣಿಯುಳ್ಳ ಆಸನಗಳು. ಉಳಿದೆಡೆ ನಿಂತು ನೋಡುವ ಮೆಟ್ಟಿಲುಗಳು, ಒರಗಲು ಒಂದು ಕಂಬಿ. ನೆರೆದವರು ಕೆಲವು ನೂರು ಜನರಿದ್ದಾರು. ಮುದುಕರು, ಎಳೆಗೂಸುಗಳನ್ನೆತ್ತಿಕೊಂಡ ದಂಪತಿಗಳು, ಶಾಲೆಯ ಹುಡುಗಿಯರು. ಕೆಲವರೊಡನೆ ಅವರ ನಾಯಿಗಳು. ನಮ್ಮ ಊರಿನ ಜಾತ್ರೆಯಲ್ಲಿ ಕುಸ್ತಿಯ ಕಣದ ಸುತ್ತ ಕೂಡುವ ಸಲಿಗೆಯೇ ಅಲ್ಲಿ ಕಂಡಿತು.

ಅಂಕಣದಲ್ಲಿ ಎರಡೂ ತಂಡದ ಹೆಣ್ಣುಮಕ್ಕಳು ಸಾಲಾಗಿ ನಿಂತು ಮೊಣಕಾಲು ಬಗ್ಗಿಸುವುದು, ಒಂಟಿಕಾಲಿನಲ್ಲಿ ನಿಲ್ಲುವುದು, ಜಿಗಿದು ಮೆತ್ತಗೆ ಇಳಿಯುವುದು ಮುಂತಾಗಿ ಮಾಡುತ್ತಿದ್ದರು. ಇದು ಆಟದ ಪೂಜೆಯೊ ಎಂದು ನಾನು ಹಾಸ್ಯ ಮಾಡಿದಾಗ ಮಗಳು ಗಂಭೀರವಾಗಿ ವಿವರಿಸಿದಳು: "ಅಪ್ಪಾಜಿ, ಮೊಣಕಾಲಿನ ಒಳಗೆ ಎಲುಬುಗಳನ್ನು ಹಿಡಿದಿಡುವ ಒಂದು ಕಟ್ಟು ಇರುತ್ತದೆ. ಓಡುತ್ತ ಥಟ್ಟನೆ ತಿರುಗಿದಾಗ ಅದು ಹರಿಯಬಹುದು. ಈ ಗಾಯ ಗಂಡಸರಿಗಿಂತ ಹೆಣ್ಣುಮಕ್ಕಳಿಗೆ ಹೆಚ್ಚು. ಅದನ್ನು ತಡೆಯಲೆಂದೇ ಈ ವ್ಯಾಯಾಮ." ಅಂತರರಾಷ್ಟ್ರೀಯ ಕಾಲ್ಚೆಂಡು ಒಕ್ಕೂಟವೇ 'ಇಲೆವೆನ್ ಪ್ಲಸ್' ಎಂಬ ಹೆಸರಿನ ಸುಮಾರು 20 ನಿಮಿಷದ ವ್ಯಾಯಾಮಕ್ರಮವೊಂದನ್ನು ರೂಪಿಸಿದೆಯೆಂದೂ, ತಪ್ಪದೆ ಮಾಡಿದವರಲ್ಲಿ ಗಾಯಗಳು ಕಡಿಮೆಯಾಗಿರುವುದು ಅಧ್ಯಯನಗಳಿಂದ ಕಂಡುಬಂದಿದೆಯೆಂದೂ ಅವಳಿಂದ ತಿಳಿಯಿತು. "ಹಾಗಾದರೆ ಅಪಾಯವಿರುವುದು ನಿಜವೇ ತಾನೆ?" ಎಂದೆ. "ನಿಜ. ಅದಕ್ಕೇ ತಯಾರಿ. ಅಪಾಯ ಇದೆ ಅಂತ ನೀವು ನನಗೆ ಸೈಕಲ್ ಕಲಿಸೋದು ಬಿಟ್ಟಿರಾ?" ಎಂದಳು. ಮಗಳ ಪ್ರಶ್ನೆಗೆ ಉತ್ತರ ಹೊಳೆಯಲಿಲ್ಲ.

ಆಟ ಆರಂಭವಾಯಿತು. ತಂಡಕ್ಕೆ 11 ಜನ, 45 ನಿಮಿಷದ ಎರಡು ಭಾಗ, ಗಂಡಸರು ಆಡುವಷ್ಟೇ ಅಗಲದ ಅಂಕಣ, ಅದೇ ಅಳತೆಯ ಚೆಂಡು, ಅಷ್ಟೇ ಎತ್ತರದ ಗೋಲುಕಂಬ. ಹೆಂಗಸರೆಂದು ಯಾವುದರಲ್ಲಿಯೂ ರಿಯಾಯಿತಿಯಿಲ್ಲ. ಇಂಗ್ಲೆಂಡಿನ ಮಹಿಳಾ ಕಾಲ್ಚೆಂಡು ಮೆಟ್ಟಿಲು ಮೆಟ್ಟಿಲಾಗಿ ಕಟ್ಟಿದ ಗೋಪುರದಂತಿದೆ. ತುತ್ತತುದಿಯ ಶ್ರೇಣಿಯಲ್ಲಿ ಸಂಬಳ ಪಡೆಯುವ ವೃತ್ತಿಪರರು. ಕೆಳಗಿನ ಮೆಟ್ಟಿಲುಗಳಲ್ಲಿ ವಾರವಿಡೀ ಬೇರೆ ಉದ್ಯೋಗ ಮಾಡಿ, ಸಂಜೆ ಅಭ್ಯಾಸ ಮಾಡಿ, ಭಾನುವಾರ ಆಡುವ ಹವ್ಯಾಸಿಗಳು. ನಾವು ನೋಡುತ್ತಿದ್ದವರು ಈ ಎರಡನೆಯ ಬಗೆಯವರು. ಮೊದಲ ಹತ್ತು ನಿಮಿಷ ನನಗೆ ಚೆಂಡು ಮಾತ್ರ ಕಾಣುತ್ತಿತ್ತು. ಬರಬರುತ್ತ, ಚೆಂಡು ಇಲ್ಲದ ಕಡೆಯಲ್ಲಿ ಯಾರು ಯಾರಿಗಾಗಿ ಜಾಗ ಮಾಡಿಕೊಡುತ್ತಿದ್ದಾರೆ ಎಂಬುದು ಕಾಣತೊಡಗಿತು. ಬಲಪಾರ್ಶ್ವದಲ್ಲಿ ಆಡುತ್ತಿದ್ದ ಗಿಡ್ಡ ಹುಡುಗಿಯೊಬ್ಬಳು ಹತ್ತು ಸಲ ಓಡಿದರೆ ಎರಡು ಸಲ ಮಾತ್ರ ಚೆಂಡು ಅವಳಿಗೆ ಸಿಕ್ಕುತ್ತಿತ್ತು. ಉಳಿದ ಎಂಟು ಸಲ ಎದುರಾಳಿಯನ್ನು ತನ್ನ ಹಿಂದೆ ಸೆಳೆದು ಗೆಳತಿಗೆ ದಾರಿ ಬಿಡಿಸುತ್ತಿದ್ದಳು.

ಇಷ್ಟರಲ್ಲಿ ಡಲಿಚ್ ತಂಡ ಹಾಕಿದ ಒಂದು ಗೋಲನ್ನು ರೆಫರಿ ಒಪ್ಪಲಿಲ್ಲ. ಏಕೆಂದು ಕೇಳಿದೆ. 'ಆಫ್‌ಸೈಡ್' ಎಂದರು. ಪಾಣಿನಿಯ ಸೂತ್ರಗಳಿಗೆ ಹೆದರದವನು ಈ ನಿಯಮದ ಮುಂದೆ ಸೋತೆ. ಮೊಮ್ಮಗಳು ನಾವು ತಂದಿದ್ದ ಹುರಿದ ಶೇಂಗಾ ಬೀಜಗಳನ್ನು ಬೆಂಚಿನ ಮೇಲೆ ಹರವಿ, "ಅಜ್ಜಾ, ಇವಳು ನಮ್ಮವಳು. ಇವರಿಬ್ಬರು ಅವರ ಕಡೆಯವರು. ಒಬ್ಬಳು ಗೋಲು ಕಾಯುವವಳು. ನಮ್ಮವರು ಚೆಂಡನ್ನು ಒದೆಯುವ ಗಳಿಗೆಯಲ್ಲಿ ಇವಳು ಚೆಂಡಿಗಿಂತಲೂ ಮುಂದೆ, ಇವರಲ್ಲಿ ಹಿಂದಿನಿಂದ ಎರಡನೆಯವಳಿಗಿಂತಲೂ ಮುಂದೆ ಇರಬಾರದು" ಎಂದು ಸರಿಸಿ ಸರಿಸಿ ತೋರಿಸಿದಳು. ಅರ್ಥವಾಯಿತು. ಪಾಠ ಮುಗಿದ ಮೇಲೆ ಆಟಗಾರರನ್ನೆಲ್ಲ ಇಬ್ಬರೂ ಹಂಚಿಕೊಂಡು ತಿಂದೆವು.

ಮೊದಲ ಭಾಗ ಒಂದೊಂದು ಗೋಲಿನ ಸಮದಲ್ಲಿ ಮುಗಿಯಿತು. ವಿರಾಮದಲ್ಲಿ ಪಕ್ಕದ ಆಸನದ ವೃದ್ಧೆಯೊಬ್ಬರು ಮಾತಿಗಿಳಿದರು. ವಯಸ್ಸು ಎಪ್ಪತ್ತೈದರ ಮೇಲಿರಬೇಕು. ಕೊರಳಲ್ಲಿ ಗುಲಾಬಿ-ನೀಲಿ ಉಣ್ಣೆಯ ಪಟ್ಟಿ. ನಾನು ಭಾರತದವನೆಂದು ತಿಳಿದು, 1948ರ ಒಲಿಂಪಿಕ್ಸ್ ಕಾಲದಲ್ಲಿ ಈ ಕ್ಲಬ್ಬಿನ ಅಂಗಳದಲ್ಲಿ ಕೊರಿಯಾ ಮತ್ತು ಮೆಕ್ಸಿಕೊ ತಂಡಗಳ ಪಂದ್ಯ ನಡೆದಿತ್ತೆಂದು ಹೆಮ್ಮೆಯಿಂದ ಹೇಳಿದರು. ಕೊರಿಯಾ 5-3ರಿಂದ ಗೆದ್ದಿತ್ತು. ಅದೇ ಒಲಿಂಪಿಕ್ಸಿನಲ್ಲಿ ಸ್ವತಂತ್ರ ಭಾರತದ ತಂಡ ಲಂಡನ್ನಿನ ಪೂರ್ವದ ಇಲ್ಫರ್ಡಿನಲ್ಲಿ ಫ್ರಾನ್ಸಿನೆದುರು ಆಡಿ 2-1ರಿಂದ ಸೋತದ್ದನ್ನೂ, ನಮ್ಮ ಆಟಗಾರರಲ್ಲಿ ಹೆಚ್ಚಿನವರು ಬರಿಗಾಲಿನಲ್ಲಿ ಆಡಿದ್ದನ್ನೂ ಅಳಿಯ ನೆನಪಿಸಿದ. ವೃದ್ಧೆ ತಲೆದೂಗಿ, ಮೆಲ್ಲನೆ ಒಂದು ಮಾತು ಸೇರಿಸಿದರು: "ಭೂಮಿಯ ಆ ತುದಿಯಿಂದ ಬಂದ ಗಂಡಸರಿಗೆ ಈ ಗೇಟು ತೆರೆದಿತ್ತು. ಹಿಂದಿನ ಬೀದಿಯ ಹುಡುಗಿಗೆ ಮುಚ್ಚಿತ್ತು. ನಾನು ಹುಡುಗಿಯಾಗಿದ್ದಾಗ ತಮ್ಮನೊಡನೆ ಬೀದಿಯಲ್ಲಿ ಆಡುತ್ತಿದ್ದೆ. ಹನ್ನೆರಡು ತುಂಬಿದಾಗ ಸಾಕು ಎಂದರು. ಬಾಗಿಲು ತೆರೆಯುವ ಹೊತ್ತಿಗೆ ನನಗೆ ಎರಡು ಮಕ್ಕಳು."

ಇದರ ಹಿನ್ನೆಲೆಯನ್ನು ಆಮೇಲೆ ಮಗಳು ತಂದುಕೊಟ್ಟ ಪುಸ್ತಕಗಳಿಂದ ತಿಳಿದೆ. ಓದುಗರಿಗೂ ತಿಳಿದಿರಲೆಂದು ಸಂಗ್ರಹವಾಗಿ ಹೇಳುತ್ತೇನೆ.

ಇಂಗ್ಲೆಂಡಿನ ಹೆಂಗಸರು ಕಾಲ್ಚೆಂಡಾಡತೊಡಗಿದ್ದು ನಿನ್ನೆ ಮೊನ್ನೆಯಲ್ಲ. 1895ರ ಮಾರ್ಚ್ 23ರಂದು ಲಂಡನ್ನಿನ ಉತ್ತರದ ಕ್ರೌಚ್ ಎಂಡ್ ಎಂಬಲ್ಲಿ ಬ್ರಿಟಿಷ್ ಲೇಡೀಸ್ ಕ್ಲಬ್ಬಿನವರು ಸಾವಿರಾರು ಜನರ ಮುಂದೆ ಆಡಿದ್ದರು. ಮೊದಲನೆಯ ಮಹಾಯುದ್ಧದಲ್ಲಿ ಗಂಡಸರು ರಣರಂಗಕ್ಕೆ ಹೋದಾಗ ಹೆಂಗಸರು ಮದ್ದುಗುಂಡಿನ ಕಾರ್ಖಾನೆಗಳಲ್ಲಿ ದುಡಿದರು. ಬಿಡುವಿನಲ್ಲಿ ಕಾರ್ಖಾನೆಯ ಅಂಗಳದಲ್ಲಿ ಚೆಂಡಾಡಿದರು. ಪ್ರೆಸ್ಟನ್ ಪಟ್ಟಣದ ಡಿಕ್, ಕೆರ್ ಕಾರ್ಖಾನೆಯ ಹೆಣ್ಣಾಳುಗಳು 1917ರ ಕ್ರಿಸ್‌ಮಸ್ ದಿನ ಗಾಯಾಳು ಸೈನಿಕರ ಆಸ್ಪತ್ರೆಗೆ ಹಣ ಕೂಡಿಸಲು ಆಡಿದಾಗ ಹತ್ತು ಸಾವಿರ ಜನ ಬಂದರು. 1920ರ ಡಿಸೆಂಬರ್ 26ರಂದು ಲಿವರ್‌ಪೂಲಿನ ಗುಡಿಸನ್ ಪಾರ್ಕಿನಲ್ಲಿ ಇದೇ ತಂಡದ ಆಟ ನೋಡಲು 53,000 ಜನ ಸೇರಿದರು. ಸಾವಿರಾರು ಜನ ಒಳಗೆ ಹೋಗಲಾಗದೆ ಹಿಂತಿರುಗಿದರು. ಅಂದು ಕೂಡಿದ ಸಹಾಯಧನ 3,115 ಪೌಂಡು.

ಇಷ್ಟು ಜನಪ್ರೀತಿ ಗಳಿಸಿದ ಆಟಕ್ಕೆ ಒಂದು ವರ್ಷದೊಳಗೆ ಕುತ್ತು ಬಂದಿತು. 1921ರ ಡಿಸೆಂಬರ್ 5ರಂದು ಇಂಗ್ಲೆಂಡಿನ ಕಾಲ್ಚೆಂಡು ಸಂಸ್ಥೆಯ ಮಂಡಳಿಯು ಸಭೆ ಸೇರಿ, ಈ ಆಟ ಹೆಂಗಸರಿಗೆ ತಕ್ಕುದಲ್ಲ, ಇದಕ್ಕೆ ಪ್ರೋತ್ಸಾಹ ಕೊಡಬಾರದು ಎಂದು ನಿರ್ಣಯಿಸಿತು. ಕೂಡಿದ ಹಣದಲ್ಲಿ ಧರ್ಮಕಾರ್ಯಕ್ಕೆ ಸಲ್ಲಬೇಕಾದಷ್ಟು ಸಲ್ಲುತ್ತಿಲ್ಲವೆಂಬ ಆಕ್ಷೇಪವನ್ನೂ ಸೇರಿಸಿ, ತನ್ನ ಅಧೀನದ ಯಾವ ಕ್ಲಬ್ಬೂ ಹೆಂಗಸರ ಪಂದ್ಯಕ್ಕೆ ಅಂಗಳ ಕೊಡಕೂಡದೆಂದು ಆಜ್ಞಾಪಿಸಿತು. ಆಡಬೇಡಿರೆಂದು ಕಾನೂನು ಮಾಡಲಿಲ್ಲ, ನಿಜ. ಆಡುವ ನೆಲವನ್ನೇ ಕಾಲಡಿಯಿಂದ ಸೆಳೆದುಕೊಂಡರು.

ಈ ಚರಿತ್ರೆಯಲ್ಲಿ ನನ್ನನ್ನು ಬಹಳ ಹೊತ್ತು ತಡೆದು ನಿಲ್ಲಿಸಿದ ವ್ಯಕ್ತಿಯೊಬ್ಬರಿದ್ದಾರೆ: ಡಾಕ್ಟರ್ ಮೇರಿ ಷಾರ್ಲೀಬ್. ಹೆಂಗಸರು ವೈದ್ಯರಾಗುವುದೇ ಅಪರೂಪವಾಗಿದ್ದ 1875ರಲ್ಲಿ ಈಕೆ ನಮ್ಮ ಪಕ್ಕದ ಮದರಾಸಿನ ವೈದ್ಯಕೀಯ ಕಾಲೇಜು ಸೇರಿ ಓದಿದವರು. ಪರಪುರುಷರ ಮುಂದೆ ಬಾರದ ಹೆಂಗಸರು ಚಿಕಿತ್ಸೆಯಿಲ್ಲದೆ ಸಾಯುವುದನ್ನು ಕಂಡು ಮರುಗಿ, 1885ರಲ್ಲಿ ಅವರಿಗಾಗಿ ಮದರಾಸಿನಲ್ಲಿ ಆಸ್ಪತ್ರೆ ತೆರೆಯಲು ಕಾರಣರಾದವರು. ತಿರುವಲ್ಲಿಕೇಣಿಯ ಕಸ್ತೂರಬಾ ಗಾಂಧಿ ಆಸ್ಪತ್ರೆಯಾಗಿ ಅದು ಇಂದಿಗೂ ತಾಯಂದಿರ ಸೇವೆ ಮಾಡುತ್ತಿದೆ. ಇಂಥ ಮಹನೀಯೆಯೇ, ಕಾಲ್ಚೆಂಡು ಹೆಣ್ಣಿನ ದೇಹಕ್ಕೆ ಮೀರಿದ, ತೀರ ಸಲ್ಲದ ಆಟ ಎಂಬ ಅಭಿಪ್ರಾಯ ಕೊಟ್ಟರು. ಹೆಂಗಸರಿಗಾಗಿ ಒಂದು ಬಾಗಿಲು ತೆರೆದ ಕೈಯೇ ಇನ್ನೊಂದು ಬಾಗಿಲು ಮುಚ್ಚುವಲ್ಲಿ ನೆರವಾಯಿತು. ನಿಷೇಧಗಳು ದುಷ್ಟರಿಂದಲೇ ಬರುತ್ತವೆ ಎಂದು ನಾವು ಭಾವಿಸುತ್ತೇವೆ. ಹಾಗೇನೂ ಇಲ್ಲ. ಹಿತವನ್ನೇ ಬಯಸುವ, ಕಲಿತ, ಗೌರವಸ್ಥರ ಬಾಯಿಂದ ಬಂದಾಗಲೇ ಅವು ಹೆಚ್ಚು ಕಾಲ ಬಾಳುತ್ತವೆ. ಏಕೆಂದರೆ ಎದುರಾಡುವ ಧೈರ್ಯ ಯಾರಿಗೂ ಬರುವುದಿಲ್ಲ.

ಇದಕ್ಕೆ ಪ್ರತಿಯಾಗಿ ಪ್ರೆಸ್ಟನ್ ತಂಡದವರು ಮಾಡಿದ್ದು ಜಾಣತನದ ಕೆಲಸ. ಹಲವು ವೈದ್ಯರನ್ನು ಕರೆದು, ಮೊದಲು ಬಂದು ಆಟ ನೋಡಿರಿ, ಆಮೇಲೆ ಹೇಳಿರಿ ಎಂದರು. ನೋಡಿದ ವೈದ್ಯೆಯೊಬ್ಬರು, ಮನೆಯಲ್ಲಿ ಒಂದು ದಿನದ ಬಟ್ಟೆಯ ಹೊರೆಯನ್ನು ಒಗೆಯುವುದಕ್ಕಿಂತ ಹೆಚ್ಚಿನ ಅಪಾಯವೇನೂ ಇದರಲ್ಲಿ ಕಾಣಲಿಲ್ಲವೆಂದರು. ಹೊರೆಗಟ್ಟಲೆ ಬಟ್ಟೆ ಒಗೆಯುವಾಗ, ಕೊಡಗಟ್ಟಲೆ ನೀರು ಹೊರುವಾಗ ಹೆಣ್ಣಿನ ದೇಹಪ್ರಕೃತಿಯ ಚಿಂತೆ ಯಾರಿಗೂ ಬಾರದೆ, ನಗುತ್ತ ಓಡುವಾಗ ಮಾತ್ರ ಏಕೆ ಬರುತ್ತದೆ? ಆ ವೈದ್ಯೆಯ ಮಾತಿನಲ್ಲಿ ಈ ಪ್ರಶ್ನೆ ಅಡಗಿತ್ತು. ಆದರೆ ಮಂಡಳಿಯ ಮನಸ್ಸು ಕರಗಲಿಲ್ಲ. ನಿರ್ಣಯ ಐವತ್ತು ವರ್ಷಗಳಷ್ಟು ಕಾಲ ಉಳಿಯಿತು.

ಇಲ್ಲಿಗೆ ಬಂದಾಗ ನಾನು ಪುಸ್ತಕ ಮಡಚಿದೆ. 1988ರ ಒಂದು ಮಧ್ಯಾಹ್ನ ಕಣ್ಣೆದುರು ನಿಂತಿತು.

ಆಗ ನಾನು ಒಂದು ಸಣ್ಣ ಪಟ್ಟಣದ ಪ್ರೌಢಶಾಲೆಯಲ್ಲಿ ಕನ್ನಡ ಪಂಡಿತ. ಒಂಬತ್ತನೆಯ ತರಗತಿಯ ಒಬ್ಬ ಹುಡುಗಿ ಓಟದಲ್ಲಿ ಜಿಲ್ಲೆಗೇ ಮೊದಲಿಗಳಾಗಿ ವಿಭಾಗಮಟ್ಟದ ಸ್ಪರ್ಧೆಗೆ ಆಯ್ಕೆಯಾಗಿದ್ದಳು. ಅವಳ ತಂದೆ ಮಗ್ಗದ ಕೆಲಸದವರು. ಒಪ್ಪಿಗೆಯ ಚೀಟಿಯನ್ನು ಕೈಯಲ್ಲಿ ಹಿಡಿದು ನನ್ನ ಬಳಿ ಬಂದು, "ಗುರುಗಳೇ, ಸಹಿ ಮಾಡ್ಲೋ ಬ್ಯಾಡೋ, ನೀವ ಹೇಳ್ರಿ" ಎಂದರು. ನಾನು ಸಮಾಧಾನದ ದನಿಯಲ್ಲಿ, "ಹೆಣ್ಣುಮಗಳ ಶರೀರಪ್ರಕೃತಿಗೆ ಅತಿಯಾದ ಓಟ ಒಳ್ಳೆಯದಲ್ಲ. ನಾಳೆ ಸಂಸಾರ ಮಾಡಬೇಕಾದವಳು" ಎಂದೆ. ಅವರು ಚೀಟಿಯನ್ನು ಮಡಚಿ ಅಂಗಿಯ ಜೇಬಿನಲ್ಲಿಟ್ಟುಕೊಂಡು ಕೈಮುಗಿದು ಹೋದರು. ಸತ್ಯವನ್ನು ಹೇಳಬೇಕೆಂದರೆ ಆ ಹುಡುಗಿ ಓಡುವುದನ್ನು ನಾನು ಒಂದು ದಿನವೂ ನೋಡಿರಲಿಲ್ಲ. ಶರೀರಶಾಸ್ತ್ರದ ಒಂದು ಪುಟವನ್ನೂ ಓದಿರಲಿಲ್ಲ. ಎಲ್ಲಿಯೋ ಕೇಳಿದ ಮಾತನ್ನು ಶಾಸ್ತ್ರವೆಂಬಂತೆ ಹೇಳಿದ್ದೆ. ಮರುದಿನ ಅವಳು ಎಂದಿನಂತೆ ತರಗತಿಗೆ ಬಂದಳು, ಎಂದಿನಂತೆ ಪದ್ಯ ಒಪ್ಪಿಸಿದಳು. ಮತ್ತೆ ಓಟದ ಮಾತು ಬರಲಿಲ್ಲ.

ಬಹಳ ವರ್ಷಗಳ ಮೇಲೆ, 2016ರಲ್ಲಿ, ಒಂದು ಮದುವೆಯ ಮನೆಯಲ್ಲಿ ಆಕೆಯೇ ಗುರುತು ಹಿಡಿದು ನಮಸ್ಕರಿಸಿದಳು. ಕುಶಲ ಕೇಳಿದ ಮೇಲೆ ನಗುನಗುತ್ತಲೇ, "ಅಪ್ಪ ತೀರಿಕೊಂಡ ಮ್ಯಾಲ ಅವರ ಟ್ರಂಕಿನಾಗ ಆ ಚೀಟಿ ಸಿಕ್ತರೀ ಗುರುಗಳೇ. ಇನ್ನೂ ನನ್ನ ಹತ್ರನೇ ಐತಿ" ಎಂದಳು. ನಾನು ಊಟದ ಪಂಕ್ತಿಯ ಕಡೆ ಕೈಮಾಡಿ ಮಾತು ತಿರುಗಿಸಿದೆ. ಆ ಚೀಟಿಯ ತೂಕ ತಿಳಿಯಲು ನಾನು ಡಲಿಚ್ಚಿಗೆ ಹೋಗಬೇಕಾಯಿತು.

ಮತ್ತೆ ಪಂದ್ಯಕ್ಕೆ ಬರೋಣ. ಎರಡನೆಯ ಭಾಗದಲ್ಲಿ ಸಣ್ಣಗೆ ಮಳೆ ಹಿಡಿಯಿತು. ಎದುರಾಳಿಗಳು ದೂರದಿಂದ ಒದೆದ, ಅಂಥ ಬಿರುಸೇನೂ ಇಲ್ಲದ ಚೆಂಡು ಡಲಿಚ್ ತಂಡದ ಗೋಲು ಕಾಯುವ ಹುಡುಗಿಯ ಒದ್ದೆ ಕೈಗಳಿಂದ ಜಾರಿ ಗೆರೆ ದಾಟಿತು. ಅವಳು ಮೊಣಕಾಲೂರಿ ಮುಖ ತಗ್ಗಿಸಿಬಿಟ್ಟಳು. ಈಗ ಬೈಗುಳ ಕೇಳಬೇಕಾದೀತೆಂದು ನಾನು ಅಂಜಿದೆ. ಹಾಗಾಗಲಿಲ್ಲ. ತಂಡದ ಹಿರಿಯಳೊಬ್ಬಳು ಬಂದು ಅವಳ ಭುಜ ತಟ್ಟಿ ಎಬ್ಬಿಸಿದಳು. ಗೋಲಿನ ಹಿಂದೆ ನಿಂತಿದ್ದ ಅಭಿಮಾನಿಗಳು ಅವಳ ಹೆಸರನ್ನೇ ಪಲ್ಲವಿಯಾಗಿಸಿ ಹಾಡತೊಡಗಿದರು. ಕೊನೆಯ ಹತ್ತು ನಿಮಿಷದಲ್ಲಿ ಇನ್ನೊಂದು ಬಿರುಸಾದ ಹೊಡೆತ ಬಂದಾಗ ಅದೇ ಹುಡುಗಿ ಮೈಯನ್ನು ಅಡ್ಡಡ್ಡ ಚೆಲ್ಲಿ ಬೆರಳ ತುದಿಯಿಂದ ಚೆಂಡನ್ನು ಕಂಬದಾಚೆಗೆ ತಳ್ಳಿದಳು. ನಾನು ಎದ್ದು ನಿಂತು ಕೂಗಿದೆನಂತೆ. ಕನ್ನಡದಲ್ಲಿ ಕೂಗಿದೆನೆಂದು ಮೊಮ್ಮಗಳು ಮನೆಯಲ್ಲಿ ಎಲ್ಲರಿಗೂ ಹೇಳಿ ನಗಿಸಿದಳು.

ಡಲಿಚ್ ತಂಡ 2-1ರಿಂದ ಸೋತಿತು. ಸೋತವರಿಗೂ ಗೆದ್ದವರಿಗೂ ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಮೈಯೆಲ್ಲ ಒದ್ದೆಯಾಗಿದ್ದ ಆ ಕಾವಲುಗಾತಿ ಕಂಬಿಯ ಬಳಿ ಬಂದು ಮಕ್ಕಳೊಡನೆ ಮಾತನಾಡಿದಳು. ಪ್ರಾಥಮಿಕ ಶಾಲೆಯ ಶಿಕ್ಷಕಿಯಂತೆ. ಸೋಮವಾರ ಬೆಳಿಗ್ಗೆ ಪಾಠವಿದೆ, ರಾತ್ರಿ ಪುಸ್ತಕ ತಿದ್ದಬೇಕು ಎಂದಳು. ನಾನೂ ಶಿಕ್ಷಕನೇ ಎಂದೆ. ನಮ್ಮಿಬ್ಬರಲ್ಲಿ ಅಂದು ಪಾಠ ಹೇಳಿದವಳು ಅವಳು.

ನೆಲ ಕಳೆದುಕೊಂಡ ಹೆಂಗಸರು ಆ ಐವತ್ತು ವರ್ಷ ಏನು ಮಾಡಿದರು? ಉದ್ಯಾನಗಳಲ್ಲಿ, ರಗ್ಬಿ ಬಯಲುಗಳಲ್ಲಿ, ನಾಯಿ ಓಟದ ಅಂಗಳಗಳಲ್ಲಿ ಆಡಿದರು. 1905ರಲ್ಲಿ ಹುಟ್ಟಿದ ಲಿಲಿ ಪಾರ್ ಎಂಬಾಕೆ ಹದಿಹರೆಯದಲ್ಲೇ ಪ್ರೆಸ್ಟನ್ ತಂಡ ಸೇರಿ, ಮಾನಸಿಕ ರೋಗಿಗಳ ಆಸ್ಪತ್ರೆಯಲ್ಲಿ ದಾದಿಯಾಗಿ ದುಡಿಯುತ್ತ, 1951ರವರೆಗೆ ಆಡಿದರು. ಆ ತಂಡ 1965ರಲ್ಲಿ ಕಣ್ಮುಚ್ಚಿತು. ಇನ್ನು ಐದಾರು ವರ್ಷ ತಾಳಿದ್ದರೆ ನಿಷೇಧ ಹೋದುದನ್ನು ಕಾಣುತ್ತಿತ್ತು. 1971ರಲ್ಲಿ ಹೆಂಗಸರ ಮೊದಲ ರಾಷ್ಟ್ರೀಯ ಕಪ್ಪಿನ ಅಂತಿಮ ಪಂದ್ಯ ನಡೆದದ್ದು ಡಲಿಚ್ಚಿಗೆ ಸಮೀಪದ ಕ್ರಿಸ್ಟಲ್ ಪ್ಯಾಲೆಸ್ಸಿನಲ್ಲಿ. 1978ರಲ್ಲಿ ತೀರಿಕೊಂಡ ಲಿಲಿ ಪಾರ್ ಅವರ ಪ್ರತಿಮೆಯನ್ನು 2019ರಲ್ಲಿ ಮ್ಯಾಂಚೆಸ್ಟರಿನ ಕಾಲ್ಚೆಂಡು ವಸ್ತುಸಂಗ್ರಹಾಲಯದಲ್ಲಿ ನಿಲ್ಲಿಸಿದರು. ನಿಷೇಧಿಸಿದ ಸಂಸ್ಥೆ 2008ರಲ್ಲಿ ಕ್ಷಮೆ ಕೇಳಿತು. 2022ರ ಜುಲೈ 31ರಂದು ವೆಂಬ್ಲಿಯಲ್ಲಿ ಇಂಗ್ಲೆಂಡಿನ ಹೆಣ್ಣುಮಕ್ಕಳು ಯೂರೋಪಿನ ಕಪ್ ಗೆಲ್ಲುವುದನ್ನು 87,192 ಜನ ಕಣ್ಣಾರೆ ಕಂಡರು. ಮುಚ್ಚಿದ ಬಾಗಿಲು ತೆರೆದರೆ ಏನಾಗುತ್ತದೆ ಎಂಬುದಕ್ಕೆ ಇದು ಸಾಕ್ಷಿ. ನಡುವೆ ಕಳೆದುಹೋದ ಎರಡು ತಲೆಮಾರಿಗೆ ಮಾತ್ರ ಯಾವ ಪ್ರತಿಮೆಯೂ ಪರಿಹಾರವಲ್ಲ.

ಪರದೇಶದ ಕಥೆ ನಮಗೇಕೆ ಎನ್ನುವಂತಿಲ್ಲ. ನಮ್ಮ ದೇಶದಲ್ಲಿಯೂ ಮಹಿಳಾ ಕಾಲ್ಚೆಂಡು ಒಕ್ಕೂಟ 1975ರಲ್ಲಿಯೇ ಹುಟ್ಟಿತು. 1980ರ ಜನವರಿಯಲ್ಲಿ ಕಲ್ಲಿಕೋಟೆಯಲ್ಲಿಯೂ, 1983ರಲ್ಲಿ ಬ್ಯಾಂಕಾಕಿನಲ್ಲಿಯೂ ನಮ್ಮ ಹೆಣ್ಣುಮಕ್ಕಳು ಏಷ್ಯಾದ ಅಂತಿಮ ಪಂದ್ಯದವರೆಗೆ ಹೋಗಿದ್ದರು. 1983ರಲ್ಲಿ ಶಾಂತಿ ಮಲ್ಲಿಕ್ ಅವರಿಗೆ ಅರ್ಜುನ ಪ್ರಶಸ್ತಿ ಬಂದಿತು. 2015ರಲ್ಲಿ ಅದಿತಿ ಚೌಹಾಣ್ ಇದೇ ಲಂಡನ್ನಿನ ವೆಸ್ಟ್ ಹ್ಯಾಮ್ ಮಹಿಳಾ ತಂಡದ ಗೋಲು ಕಾಯ್ದರು. ಬೆಂಗಳೂರಿನ ಕಿಕ್‌ಸ್ಟಾರ್ಟ್ ತಂಡ 2023ರಲ್ಲಿ ಭಾರತ ಮಹಿಳಾ ಲೀಗಿನ ಅಂತಿಮ ಪಂದ್ಯ ಆಡಿತು. 2025ರ ಜುಲೈನಲ್ಲಿ ಭಾರತ ತಂಡ ಥಾಯ್ಲೆಂಡನ್ನು ಅದರ ನೆಲದಲ್ಲಿಯೇ 2-1ರಿಂದ ಸೋಲಿಸಿ ಏಷ್ಯಾ ಕಪ್ಪಿಗೆ ಅರ್ಹತೆ ಗಳಿಸಿತು. ಇವರೆಲ್ಲರ ಮನೆಯಲ್ಲಿಯೂ ಒಂದಲ್ಲ ಒಂದು ದಿನ ಒಪ್ಪಿಗೆಯ ಚೀಟಿಯೊಂದು ಹಿರಿಯರ ಮುಂದೆ ಬಂದಿರಬೇಕು. ಯಾರೋ ಸಹಿ ಮಾಡಿರಬೇಕು.

ಆದಕಾರಣ ಈ ಪತ್ರಿಕೆಯನ್ನೋದುವ ತಂದೆತಾಯಂದಿರಲ್ಲಿ, ವಿಶೇಷವಾಗಿ ನನ್ನಂತೆ ನಾಲ್ಕು ಜನ ಸಲಹೆ ಕೇಳಿ ಬರುವ ಹಿರಿಯರಲ್ಲಿ, ನನ್ನದೊಂದು ವಿನಂತಿ. ಮಗಳು ಆಡುತ್ತೇನೆಂದಾಗ ಕೇಳಬೇಕಾದ ಪ್ರಶ್ನೆಗಳು ಇದ್ದೇ ಇವೆ: ಕಲಿಸುವವರು ಯಾರು, ಮೈ ಹದಗೊಳಿಸುವ ವ್ಯಾಯಾಮ ಮಾಡಿಸುತ್ತಾರೆಯೆ, ಕಾಲಿಗೆ ಸರಿಯಾದ ಬೂಟು ಇದೆಯೆ, ಸಂಜೆ ಮನೆಗೆ ಕರೆತರುವವರು ಯಾರು, ಹೊಟ್ಟೆತುಂಬ ಉಂಡಳೆ. ಇವುಗಳನ್ನು ಅವಶ್ಯವಾಗಿ ಕೇಳಿರಿ. ಆದರೆ ಬೇಡವೆನ್ನುವ ಮೊದಲು ಒಂದು ದಿನ ಹೋಗಿ, ಕಂಬಿಗೆ ಒರಗಿ ನಿಂತು, ಅವಳ ಆಟವನ್ನು ನೋಡಿರಿ. ನೋಡದೆ ಆಡಿದ ಮಾತು ಎಷ್ಟು ವರ್ಷ ಯಾರ ಟ್ರಂಕಿನಲ್ಲಿ ಉಳಿಯುತ್ತದೆಯೋ ಹೇಳಲಾಗದು.

ಊರಿಗೆ ಮರಳಿದ ಮೇಲೆ ವಿಳಾಸ ವಿಚಾರಿಸಿ ಆ ಶಿಷ್ಯೆಯ ಮನೆಗೆ ಹೋದೆ. ಹೋದ ಕಾರಣವನ್ನು ಮುಚ್ಚಿಡದೆ ಹೇಳಿದೆ. ಆಕೆ ಸ್ವಲ್ಪ ಹೊತ್ತು ಸುಮ್ಮನಿದ್ದು, ಒಳಗೆ ಹೋಗಿ ಚಹಾ ತಂದಳು. ಚೀಟಿಯನ್ನು ತೋರಿಸಲಿಲ್ಲ, ನಾನೂ ಕೇಳಲಿಲ್ಲ. ಎದ್ದು ಹೊರಟಾಗ ಬಾಗಿಲವರೆಗೆ ಬಂದು, "ಮಗಳ ಮಗಳು ನಾಕನೇತ್ತ ಅದಾಳ್ರೀ ಗುರುಗಳೇ. ಚಲೋ ಓಡ್ತಾಳ. ಶಾಲಿ ಆಟದ ದಿನ ನೋಡಾಕ ಬರ್ರಿ" ಎಂದಳು. ದಿನಾಂಕವನ್ನು ಬರೆದುಕೊಂಡು ಬಂದಿದ್ದೇನೆ.